ಬಳುಕುವ ಮಕ್ಕಳು, ಸಡಿಲ ಕೀಲುಗಳು

(ಬಾನುಲಿ ಭಾಷಣ)

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಮಕ್ಕಳ ಕೈಕಾಲಿನ ಕೀಲುಗಳ ವಿಚಾರವೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಏಳಬಹುದು. ಉತ್ತರವು ನಮ್ಮ ನುಡಿಯಲ್ಲಿಯೇ ಇದೆ. ಮೂಳೆಗೆ ಮೂಳೆ ಕೂಡುವ ಎಡೆಯನ್ನೂ ಸಂಧಿಯೆನ್ನುತ್ತೇವೆ, ಪದಕ್ಕೆ ಪದ ಕೂಡುವ ಎಡೆಯನ್ನೂ ಸಂಧಿಯೆನ್ನುತ್ತೇವೆ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಶಿಥಿಲದ್ವಿತ್ವವೆಂಬ ಮಾತು ಬರುತ್ತದೆ. ಕೆಲವು ಒತ್ತಕ್ಷರಗಳನ್ನು ಬಿಗಿಯಾಗಿ ಉಚ್ಚರಿಸದೆ ಸಡಿಲವಾಗಿ ಉಚ್ಚರಿಸುವುದರಿಂದ ಅವುಗಳ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಅದು ದೋಷವಲ್ಲ, ಭಾಷೆಯ ಒಂದು ಗುಣ. ಆದರೆ ಅದನ್ನು ಅರಿಯದೆ ಓದಿದವನಿಗೆ ಛಂದಸ್ಸು ಕೆಡುತ್ತದೆ. ಕೆಲವು ಮಕ್ಕಳ ದೇಹದ ಸಂಧಿಗಳೂ ಹೀಗೆಯೇ ಹುಟ್ಟಿನಿಂದ ಸಡಿಲ. ಅದೂ ಬಹುಮಟ್ಟಿಗೆ ದೋಷವಲ್ಲ. ಅದನ್ನು ಗುರುತಿಸದೆ ಹೋದಾಗ ಮಾತ್ರ ಮಗುವಿನ ಬಾಲ್ಯದ ಲಯ ಕೆಡುತ್ತದೆ. ವೈದ್ಯ ಮಿತ್ರರಿಂದ ಕೇಳಿದುದನ್ನೂ ಓದಿ ತಿಳಿದುದನ್ನೂ ಸೇರಿಸಿ ಈ ವಿಚಾರವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ ಕೀಲು ಎಂದರೇನೆಂಬುದನ್ನು ನೋಡೋಣ. ನಮ್ಮ ಪ್ರಾಚೀನ ವೈದ್ಯನಾದ ಸುಶ್ರುತನು ಮಾನವ ದೇಹದಲ್ಲಿ 210 ಸಂಧಿಗಳನ್ನು ಎಣಿಸಿ, ಅವುಗಳನ್ನು ಆಕಾರಕ್ಕೆ ತಕ್ಕಂತೆ 8 ಬಗೆಯಾಗಿ ವಿಂಗಡಿಸಿದ್ದಾನೆ. ಅವುಗಳಲ್ಲಿ ಒಂದರ ಹೆಸರು ಉಲೂಖಲ, ಎಂದರೆ ಒರಳು. ತೊಡೆಮೂಳೆಯ ಗುಂಡಾದ ತಲೆ ಸೊಂಟದ ಕುಳಿಯಲ್ಲಿ ಕುಳಿತಿರುವುದನ್ನು ಒರಳಿಗೆ ಹೋಲಿಸಿದ ಆ ಕಣ್ಣು ಎಷ್ಟು ಸೂಕ್ಷ್ಮವಾದುದು! ಈ ಮೂಳೆಗಳು ತಮ್ಮ ಸ್ಥಾನ ಬಿಟ್ಟು ಸರಿಯದಂತೆ ಬಿಗಿದಿರುವ ಗಟ್ಟಿ ಪಟ್ಟಿಗಳಿಗೆ ಅಸ್ಥಿರಜ್ಜುಗಳೆಂದು ಹೆಸರು. ಅವು ಮುಖ್ಯವಾಗಿ ಕೊಲ್ಯಾಜನ್ ಎಂಬ ನಾರಿನಂಥ ವಸ್ತುವಿನಿಂದ ಆದವು. ಈ ನಾರಿನ ಹೆಣಿಗೆ ಎಲ್ಲರಲ್ಲಿಯೂ ಒಂದೇ ಹದದ್ದಲ್ಲ. ಕೆಲವರಲ್ಲಿ ಅದು ಹೊಸ ಹಗ್ಗದಂತೆ ಬಿಗಿ, ಕೆಲವರಲ್ಲಿ ನೆನೆದ ಹಗ್ಗದಂತೆ ಮೆದು. ಮೆದುವಾಗಿರುವವರಲ್ಲಿ ಕೀಲು ತನ್ನ ಸಾಮಾನ್ಯ ಎಲ್ಲೆಯನ್ನು ಮೀರಿ ಬಾಗುತ್ತದೆ. ಇದನ್ನೇ ಕೀಲುಗಳ ಅತಿಚಲನೆ ಎನ್ನುತ್ತಾರೆ. ನಾವು ಸರಳವಾಗಿ ಸಡಿಲ ಕೀಲು ಎನ್ನೋಣ.

ಮಕ್ಕಳ ಕೀಲುಗಳು ದೊಡ್ಡವರ ಕೀಲುಗಳಿಗಿಂತ ಸಡಿಲವಾಗಿರುವುದು ಸಹಜ. ಕೂಸು ತನ್ನ ಕಾಲ್ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತದೆ. ನಮ್ಮಿಂದ ಅದು ಆಗದು. ವಯಸ್ಸು ಏರಿದಂತೆ ಈ ಸಡಿಲತೆ ಕಡಿಮೆಯಾಗುತ್ತ ಹೋಗುತ್ತದೆ. ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಯೂರೋಪಿನವರಿಗಿಂತ ಏಷ್ಯ ಮತ್ತು ಆಫ್ರಿಕದ ಜನರಲ್ಲಿ ಹೆಚ್ಚು. ಮುಂಬಯಿಯ ಮಕ್ಕಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಈ ಲಕ್ಷಣ ಕಂಡುಬಂದಿತು. ಹಾಗಿರುವಾಗ ಇದನ್ನು ಕಾಯಿಲೆಯೆಂದು ಕರೆದು ತಾಯಂದಿರನ್ನು ಹೆದರಿಸುವುದು ತರವಲ್ಲ. ಬಹುಪಾಲು ಮಕ್ಕಳಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಕೆಲವರಿಗೆ ಮಾತ್ರ ನೋವು, ಆಯಾಸ, ಉಳುಕು ಇವು ಬೆನ್ನು ಹತ್ತುತ್ತವೆ. ನಮ್ಮ ಗಮನ ಬೇಕಾಗಿರುವುದು ಆ ಕೆಲವರಿಗೆ.

ವಿಷಯ ಹೊಸದೇನಲ್ಲ. ಗ್ರೀಸಿನ ಹಿಪೊಕ್ರೇಟಿಸನ ಹೆಸರಿನಲ್ಲಿರುವ ಗ್ರಂಥವೊಂದರಲ್ಲಿ, ಶಕರ ಕೀಲುಗಳು ಸಡಿಲವಾಗಿದ್ದು ಬಿಲ್ಲನ್ನು ಸೆಳೆಯಲು ಅವರಿಗೆ ಕಷ್ಟವಾಗುತ್ತಿತ್ತು, ಅದಕ್ಕಾಗಿ ಭುಜಕ್ಕೆ ಬರೆ ಹಾಕಿಸಿಕೊಳ್ಳುತ್ತಿದ್ದರು ಎಂಬ ವರ್ಣನೆಯಿದೆ. 1901ರಲ್ಲಿ ಡೆನ್ಮಾರ್ಕಿನ ಏಲರ್ಸ್, 1908ರಲ್ಲಿ ಫ್ರಾನ್ಸಿನ ದಾನ್ಲೋ ಎಂಬ ಚರ್ಮವೈದ್ಯರು, ಚರ್ಮವೂ ಕೀಲೂ ಅತಿಯಾಗಿ ಹಿಗ್ಗುವ ರೋಗಿಗಳನ್ನು ಕುರಿತು ಬರೆದರು. ಅವರಿಬ್ಬರ ಹೆಸರನ್ನೂ ಸೇರಿಸಿ ಕರೆಯುವ ವಿರಳ ಕಾಯಿಲೆಗಳ ಗುಂಪು ಇಂದಿಗೂ ವೈದ್ಯಗ್ರಂಥಗಳಲ್ಲಿದೆ. 1967ರಲ್ಲಿ ಇಂಗ್ಲೆಂಡಿನ ವೈದ್ಯರು, ಬೇರೆ ಯಾವ ರೋಗವೂ ಇಲ್ಲದೆ ಕೇವಲ ಕೀಲುಗಳ ಸಡಿಲತೆಯಿಂದಲೇ ನೋವು ಬರಬಲ್ಲುದೆಂಬುದನ್ನು ಒಂದು ಪ್ರತ್ಯೇಕ ಸ್ಥಿತಿಯೆಂದು ಹೆಸರಿಸಿದರು. ದಕ್ಷಿಣ ಆಫ್ರಿಕದ ಬೈಟನ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಅಳತೆಯ ಕ್ರಮ ಈಗ ಲೋಕಪ್ರಸಿದ್ಧವಾಗಿದೆ.

ಆ ಕ್ರಮ ಸುಲಭವಾದುದು. ಯಂತ್ರ ಬೇಡ, ರಕ್ತಪರೀಕ್ಷೆ ಬೇಡ. ಒಟ್ಟು 9 ಅಂಕಗಳು. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಕಿರುಬೆರಳನ್ನು ಮೆಲ್ಲನೆ ಮೇಲಕ್ಕೆತ್ತಿದಾಗ ಅದು ನೆಟ್ಟಗೆ ನಿಂತ ಕಂಬಕ್ಕಿಂತಲೂ ಹಿಂದಕ್ಕೆ ವಾಲಿದರೆ ಒಂದು ಅಂಕ. ಎರಡು ಕೈಗೆ ಎರಡು. ಮಣಿಕಟ್ಟನ್ನು ಬಗ್ಗಿಸಿ ಹೆಬ್ಬೆರಳನ್ನು ಮುಂಗೈಗೆ ತಾಗಿಸಲು ಸಾಧ್ಯವಾದರೆ, ಎರಡು ಕೈಗೆ ಎರಡು. ತೋಳನ್ನು ಚಾಚಿದಾಗ ಮೊಣಕೈ ನೇರ ಗೆರೆಯನ್ನು ದಾಟಿ 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗಿದರೆ ಎರಡು. ನಿಂತಾಗ ಮಂಡಿಗಳು ಅದೇ ರೀತಿ ಹಿಂದಕ್ಕೆ ಬಿಲ್ಲಿನಂತೆ ಬಾಗಿದರೆ ಎರಡು. ಮಂಡಿ ಮಡಿಸದೆ ಬಗ್ಗಿ ಎರಡು ಅಂಗೈಗಳನ್ನೂ ನೆಲಕ್ಕೆ ಪೂರ್ತಿ ಊರಿದರೆ ಒಂದು. 2017ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಮಾಡಿದ ನಿರ್ಣಯದಂತೆ, ಪ್ರಾಯಕ್ಕೆ ಬಾರದ ಮಕ್ಕಳಲ್ಲಿ 6 ಅಥವಾ ಹೆಚ್ಚು ಅಂಕ ಬಂದರೆ ಕೀಲುಗಳು ಸಾರ್ವತ್ರಿಕವಾಗಿ ಸಡಿಲವೆಂದು ಹೇಳಬಹುದು. ಪ್ರಾಯಕ್ಕೆ ಬಂದ ಮೇಲೆ 50 ವರ್ಷದವರೆಗೆ 5 ಸಾಕು.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳಿವೆ. ಅಂಕ ಬಂದಿತೆಂದ ಮಾತ್ರಕ್ಕೆ ರೋಗ ಬಂದಿತೆಂದಲ್ಲ. ನೋವು, ತೊಂದರೆ ಇಲ್ಲದ ಮಗುವಿಗೆ ಚಿಕಿತ್ಸೆಯೇ ಬೇಕಿಲ್ಲ. 2023ರಲ್ಲಿ ಮಕ್ಕಳಿಗಾಗಿಯೇ ರೂಪಿಸಿದ ಅಂತರರಾಷ್ಟ್ರೀಯ ಕ್ರಮದಲ್ಲಿಯೂ, ದೇಹ ಪೂರ್ಣವಾಗಿ ಬೆಳೆಯುವ ಮುನ್ನ ಮಗುವಿಗೆ ದೊಡ್ಡ ಕಾಯಿಲೆಯ ಹೆಸರನ್ನು ಅಂಟಿಸಬಾರದೆಂಬ ವಿವೇಕವಿದೆ. ಎರಡನೆಯದಾಗಿ, ನಾನು ಹೇಳಿದ ಈ ಪರೀಕ್ಷೆ ಆಟವಲ್ಲ. ಅಂಕ ಬರಲೆಂದು ಮಗುವಿನ ಬೆರಳನ್ನೋ ಮೊಣಕೈಯನ್ನೋ ಬಲವಾಗಿ ಒತ್ತಬಾರದು.

ಹಾಗಾದರೆ ಮನೆಯಲ್ಲಿ, ಶಾಲೆಯಲ್ಲಿ ಇಂಥ ಮಗುವನ್ನು ಗುರುತಿಸುವ ಬಗೆ ಹೇಗೆ? ಹಗಲೆಲ್ಲ ಕುಣಿದಾಡಿದ ಮಗು ಸಂಜೆಗೆ ಮಂಡಿ, ಮೀನಖಂಡ, ಹಿಮ್ಮಡಿ ನೋವೆಂದು ಅಳುತ್ತದೆ. ಬೆಳಗಾದರೆ ನೋವಿಲ್ಲ. ನಡೆಯುವುದನ್ನು ತುಸು ತಡವಾಗಿ ಕಲಿತಿರಬಹುದು. ಸಮತಟ್ಟಾದ ನೆಲದಲ್ಲಿಯೂ ಎಡವುತ್ತದೆ, ಪಾದ ಉಳುಕುತ್ತದೆ. ನಿಂತಾಗ ಅಂಗಾಲಿನ ಕಮಾನು ನೆಲಕ್ಕೆ ಒರಗುತ್ತದೆ, ಬೆರಳ ತುದಿಯಲ್ಲಿ ನಿಂತರೆ ಮತ್ತೆ ಏಳುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವ ಬದಲು ಮಂಡಿಗಳನ್ನು ಒಳಕ್ಕೂ ಪಾದಗಳನ್ನು ಹೊರಕ್ಕೂ ಚಾಚಿ ನೆಲಕ್ಕಂಟಿಕೊಂಡಂತೆ ಕೂರುವುದು ಅದಕ್ಕೆ ಹಿತ. ಪಂಕ್ತಿಯಲ್ಲಾಗಲಿ ಪ್ರಾರ್ಥನೆಯಲ್ಲಾಗಲಿ ಬಹಳ ಹೊತ್ತು ನೆಟ್ಟಗೆ ಕುಳಿತಿರಲಾರದು. ಗೋಡೆಗೋ ಪಕ್ಕದವನಿಗೋ ಒರಗುತ್ತದೆ. ಇದು ಅವಿಧೇಯತೆಯಲ್ಲ. ಅಸ್ಥಿರಜ್ಜುಗಳು ಮಾಡಬೇಕಾದ ಬಿಗಿಯ ಕೆಲಸವನ್ನು ಅದರ ಸ್ನಾಯುಗಳೇ ಮಾಡಬೇಕಾಗಿರುವುದರಿಂದ, ಇತರರಿಗೆ ವಿಶ್ರಾಂತಿಯಾದ ಕುಳಿತಿರುವಿಕೆಯೇ ಅದಕ್ಕೆ ದುಡಿಮೆ.

ತುಮಕೂರು ವಿದ್ಯಾರ್ಥಿನಿಲಯಗಳ ಊರು. ಸಿದ್ಧಗಂಗೆಯ ಮಠದ ಆಶ್ರಯವೊಂದರಲ್ಲಿಯೇ ಸಾವಿರಾರು ಮಕ್ಕಳು ಅನ್ನ, ಅಕ್ಷರ ಪಡೆಯುತ್ತಾರೆ. ಮನೆಯಲ್ಲಾದರೆ ರಾತ್ರಿ ಕಾಲು ಸೆಳೆದಾಗ ಅವ್ವನೋ ಅಜ್ಜಿಯೋ ಎದ್ದು ಎಣ್ಣೆ ಸವರುತ್ತಾರೆ. ಊರು ಬಿಟ್ಟು ಬಂದ ಮಗು ತನ್ನ ನೋವನ್ನು ಯಾರ ಮುಂದೆ ಹೇಳಬೇಕು? ಆದುದರಿಂದ ವಿದ್ಯಾರ್ಥಿನಿಲಯಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಈ ತಿಳಿವಳಿಕೆ ತಾಯಿತಂದೆಗಳಿಗಿಂತಲೂ ಹೆಚ್ಚು ಅಗತ್ಯ.

ಬರೆವಣಿಗೆಯ ವಿಷಯವನ್ನು ಮೇಷ್ಟರಾದವನು ಹೇಳದೆ ಬಿಡಲಾರ. ಕನ್ನಡದ ಲಿಪಿ ದುಂಡಾದುದು. ತಲೆಕಟ್ಟು, ಕೊಂಬು, ಏತ್ವ, ಒತ್ತು ಎಂದು ಒಂದೊಂದು ಅಕ್ಷರಕ್ಕೂ ಬೆರಳಿನ ಕೀಲುಗಳು ಹಲವು ಬಾರಿ ತಿರುಗಬೇಕು. ಬೆರಳ ಕೀಲು ಸಡಿಲವಾಗಿರುವ ಮಗು ಪೆನ್ಸಿಲನ್ನು ಹಿಡಿದಾಗ ಬೆರಳಿನ ತುದಿಗೆಣ್ಣು ಹಿಂದಕ್ಕೆ ಬಾಗುತ್ತದೆ. ಹಿಡಿತ ತಪ್ಪದಿರಲೆಂದು ಮಗು ಇನ್ನಷ್ಟು ಅದುಮಿ ಹಿಡಿಯುತ್ತದೆ. ಮೊದಲ ಪುಟದಲ್ಲಿ ಅಕ್ಷರ ಮುತ್ತಿನಂತಿದ್ದು, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಸಾಲು ಇಳಿಯುತ್ತದೆ, ಒತ್ತಕ್ಷರಗಳು ಕಾಲು ಮುರಿದುಕೊಂಡು ಬೀಳುತ್ತವೆ. ಅಂಥ ಉತ್ತರಪತ್ರಿಕೆಯನ್ನು ಕಂಡಾಗ ಅಸಡ್ಡೆಯೆಂದು ಕೆಂಪು ಶಾಯಿಯಲ್ಲಿ ಬರೆಯುವುದು ಸುಲಭ. ಆದರೆ ಅಸಡ್ಡೆಯ ಬರೆವಣಿಗೆ ಮೊದಲ ಸಾಲಿನಿಂದಲೇ ಅಸಡ್ಡೆಯಾಗಿರುತ್ತದೆ. ದಣಿದ ಕೈಯ ಬರೆವಣಿಗೆ ಪುಟದಿಂದ ಪುಟಕ್ಕೆ ಕೆಡುತ್ತ ಹೋಗುತ್ತದೆ. ಈ ವ್ಯತ್ಯಾಸವನ್ನು ಗುರುತಿಸಬಲ್ಲ ಉಪಾಧ್ಯಾಯರು ವೈದ್ಯರಿಗಿಂತ ಮೊದಲೇ ಮಗುವಿನ ತೊಂದರೆಯನ್ನು ಅರಿಯುತ್ತಾರೆ. ಇಂಥ ಮಗುವಿಗೆ ದಪ್ಪನಾದ ಪೆನ್ಸಿಲು, ಕಾಲು ನೆಲಕ್ಕೆ ತಾಗುವಂಥ ಆಸನ, ಕಾಪಿ ಬರೆಯುವ ನಡುವೆ ಒಂದೆರಡು ನಿಮಿಷದ ಬಿಡುವು, ಪರೀಕ್ಷೆಯಲ್ಲಿ ತುಸು ಹೆಚ್ಚಿನ ಕಾಲ ದೊರೆತರೆ ಸಾಕು. ನೂರು ಬಾರಿ ಬರೆಯುವ ಶಿಕ್ಷೆ ಮಾತ್ರ ಬೇಡವೇ ಬೇಡ.

ಇನ್ನು ಸಡಿಲತೆಯ ಮತ್ತೊಂದು ಮುಖವನ್ನು ನೋಡಬೇಕು. ಬೇರೆಯವರು ಕಷ್ಟಪಟ್ಟರೂ ಮಾಡಲಾರದ ಬಾಗುವಿಕೆ ಈ ಮಕ್ಕಳಿಗೆ ಲೀಲೆ. ದೊಂಬರಾಟದಲ್ಲಿ ಕೂಸುಗಳು ಕಮಾನಾಗುವುದನ್ನು ಕಂಡು ಕಾಸು ಹಾಕಿ ಬೆರಗಾದ ತಲೆಮಾರು ನಮ್ಮದು. ಅದರ ಹಿಂದೆ ಇದ್ದುದು ಹೊಟ್ಟೆಪಾಡು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಲ್ಲಿಸಬೇಕೆಂದು ಆದೇಶ ನೀಡಿತು. ಬಾಲಕರ ದೇಹ ರಂಗದ ಮೇಲೆ ಏನನ್ನು ಸಾಧಿಸಬಲ್ಲುದೆಂಬುದನ್ನು ಗುಬ್ಬಿಯವರಿಗೆ ಹೇಳಿಕೊಡಬೇಕಾಗಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ ವೀರಣ್ಣನವರು ಸೇರಿದ್ದು ಬಾಲಕರಾಗಿ, ಬಿ. ವಿ. ಕಾರಂತರು ಅದೇ ಕಂಪನಿಗೆ ಬಂದದ್ದೂ ಬಾಲಕರಾಗಿಯೇ. ಕಲೆಗೆ ಎಳೆಯ ವಯಸ್ಸಿನ ಕಲಿಕೆ ಬೇಕೆಂಬುದರಲ್ಲಿ ಸಂದೇಹವಿಲ್ಲ. ನಾಟ್ಯ, ಯೋಗ, ಮಲ್ಲಕಂಬ ಯಾವುದೇ ಇರಲಿ, ನಾನು ಅವುಗಳ ವಿರೋಧಿಯಲ್ಲ. ಆದರೆ ಬಾಗುವುದು ಬೇರೆ, ಬಾಗಿದ ಸ್ಥಿತಿಯನ್ನು ಬಲದಿಂದ ಹಿಡಿದು ನಿಲ್ಲುವುದು ಬೇರೆ. ಮೊದಲನೆಯದು ಹುಟ್ಟಿನಿಂದ ಬಂದ ಗುಣ, ಎರಡನೆಯದು ಅಭ್ಯಾಸದಿಂದ ಬರುವ ಸಾಮರ್ಥ್ಯ.

2020ರ ಕೊನೆಯಲ್ಲಿ ಕೇಂದ್ರ ಸರ್ಕಾರವು ಯೋಗಾಸನವನ್ನು ಸ್ಪರ್ಧೆಯ ಕ್ರೀಡೆಯೆಂದು ಮಾನ್ಯಮಾಡಿತು. ಸ್ಪರ್ಧೆಯಲ್ಲಿ ಕಣ್ಣಿಗೆ ಮೊದಲು ಬೀಳುವವರು ಸಡಿಲ ಕೀಲಿನ ಮಕ್ಕಳೇ. ನಮ್ಮ ನೆರೆಯ ಬೀದಿಯ ಹುಡುಗಿಯೊಬ್ಬಳು ಹನ್ನೊಂದನೆಯ ವಯಸ್ಸಿಗೇ ಹಲವು ಬಹುಮಾನ ಗೆದ್ದಿದ್ದಳು. ಮನೆಗೆ ನೆಂಟರು ಬಂದಾಗಲೆಲ್ಲ, "ಎಲ್ಲಿ, ಸ್ವಲ್ಪ ಬಗ್ಗಿ ತೋರಿಸು ಮಗಳೆ" ಎನ್ನುವರು, ಅವಳು ತೋರಿಸುವಳು. ರಾತ್ರಿ ಮಾತ್ರ "ಕಾಲು ಸೆಳೀತದೆ ಅಜ್ಜಿ" ಎಂದು ಮಲಗುವಳು. ದೃಷ್ಟಿಯಾಗಿದೆ ಎಂದು ಅಜ್ಜಿ ನಿವಾಳಿಸಿದರು. ಓಡುವುದಕ್ಕೆ ಸೋಮಾರಿತನ ಎಂದು ಶಾಲೆಯಲ್ಲಿ ಗದರಿದರು. ಹದಿಮೂರರಲ್ಲಿ, ಬಟ್ಟೆ ಒಣಹಾಕಲು ಕೈಯೆತ್ತಿದಾಗ, ಭುಜದ ಕೀಲು ಜಾರಿತು. ಆಮೇಲೆ ಮನೆಯವರು ಹೆದರಿ ಆಟ, ಓಟ, ಕೆಲಸ ಎಲ್ಲವನ್ನೂ ನಿಲ್ಲಿಸಿ ಅವಳನ್ನು ಕೂರಿಸಿಬಿಟ್ಟರು. ಆರು ತಿಂಗಳಲ್ಲಿ ಸ್ನಾಯುಗಳು ಸೊರಗಿ ನೋವು ಇಮ್ಮಡಿಯಾಯಿತು. ಹೊಗಳಿಕೆಯಲ್ಲಿ ಒಮ್ಮೆ, ಬೈಗುಳದಲ್ಲಿ ಒಮ್ಮೆ, ಭಯದಲ್ಲಿ ಒಮ್ಮೆ ಹೀಗೆ ಮೂರು ಸಲ ಆ ಮಗುವಿಗೆ ಅನ್ಯಾಯವಾಯಿತು; ಮೂರೂ ಸಲ ಅನ್ಯಾಯ ಮಾಡಿದ್ದು ಅವಳನ್ನು ಪ್ರೀತಿಸುವವರ ಅಜ್ಞಾನ. ಮುಂದೆ ವ್ಯಾಯಾಮ ಚಿಕಿತ್ಸೆಯನ್ನು ಬಲ್ಲವರೊಬ್ಬರ ಕೈಗೆ ಅವಳು ಬಿದ್ದದ್ದು ಪುಣ್ಯ. ಒಂದು ವರ್ಷದ ದಿನನಿತ್ಯದ ಅಭ್ಯಾಸದಿಂದ ಈಗ ಸೈಕಲ್ಲು ತುಳಿದು ಶಾಲೆಗೆ ಹೋಗುತ್ತಾಳೆ.

ಆ ಚಿಕಿತ್ಸೆಯ ತಿರುಳನ್ನು ಅರಿಯಲು ಕುಣಿಗಲ್ಲಿನ ಕುದುರೆಗಳನ್ನು ನೆನೆಯುವುದು ಒಳ್ಳೆಯದು. ಹೈದರ್, ಟಿಪ್ಪು ಇವರ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರದು. ಹೊಸದಾಗಿ ಹುಟ್ಟಿದ ಕುದುರೆಮರಿಗಳಲ್ಲಿ ಕೆಲವಕ್ಕೆ ಕಾಲಿನ ಹಿಂಬದಿಯ ರಜ್ಜುಗಳು ಸಡಿಲವಾಗಿದ್ದು, ಗೊರಸಿನ ಮುಂತುದಿ ಮೇಲಕ್ಕೆದ್ದು ಮರಿ ಹಿಂಭಾಗದ ಮೇಲೆ ಒರಗಿ ನಿಲ್ಲುತ್ತದೆ. ನೋಡಿದವರಿಗೆ ಬಟ್ಟೆ ಸುತ್ತಿ ಬಿಗಿದು ಕಟ್ಟಬೇಕೆನಿಸುತ್ತದೆ. ಆದರೆ ಪಶುವೈದ್ಯರು ಹಾಗೆ ಮಾಡುವುದಿಲ್ಲ. ಬಿಗಿದು ಕಟ್ಟಿದರೆ ಕಾಲು ಇನ್ನಷ್ಟು ಬಲ ಕಳೆದುಕೊಳ್ಳುತ್ತದೆಂಬುದು ಅವರಿಗೆ ಗೊತ್ತು. ಮರಿಯನ್ನು ಓಡಿಸಿ ದಣಿಸುವುದೂ ಇಲ್ಲ. ಗಟ್ಟಿಯಾದ ನೆಲದ ಮೇಲೆ ಮಿತವಾಗಿ, ದಿನದಿನವೂ ನಡೆಯಗೊಡುತ್ತಾರೆ. ಬಹುತೇಕ ಮರಿಗಳ ಕಾಲು ಕೆಲವು ದಿನ, ಕೆಲವು ವಾರಗಳಲ್ಲಿ ನೆಟ್ಟಗಾಗುತ್ತದೆ. ಮನುಷ್ಯರ ಮಕ್ಕಳ ವಿಷಯದಲ್ಲಿ ಕಾಲಾವಧಿ ದೀರ್ಘ, ಸಡಿಲತೆ ಪೂರ್ತಿ ಹೋಗುವುದೂ ಇಲ್ಲ. ಆದರೆ ತತ್ತ್ವ ಅದೇ. ಕೀಲನ್ನು ಬಿಗಿಮಾಡುವ ಔಷಧಿ ಯಾವುದೂ ಇಲ್ಲ. ಕೀಲಿನ ಸುತ್ತಲಿನ ಸ್ನಾಯುವನ್ನು ಬಲಪಡಿಸಿ, ಅದನ್ನೇ ಕೀಲಿನ ಕಾವಲಿಗೆ ನಿಲ್ಲಿಸಬೇಕು.

ಅದನ್ನು ಆಚರಣೆಗೆ ತರುವ ಬಗೆ ಹೀಗೆ. ನಡಿಗೆ, ಈಜು, ಸೈಕಲ್ಲು ಇವು ಉತ್ತಮ. ಮಣೆಯ ಮೇಲಿಂದ ಕೈಯೂರದೆ ನಿಧಾನವಾಗಿ ಏಳುವುದು, ಕೂರುವುದು; ಮಲಗಿ, ಮಂಡಿ ಮಡಿಸದೆ ಕಾಲನ್ನು ಮೆಲ್ಲನೆತ್ತಿ ಇಳಿಸುವುದು; ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ಸಮತೋಲ ಕಾಯುವುದು. ಇವುಗಳನ್ನು ಬಲ್ಲವರಿಂದ ಕಲಿತು ದಿನವೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು. ನಿಲ್ಲುವಾಗ ಮಂಡಿಯನ್ನು ಹಿಂದಕ್ಕೆ ಬೀಗಿಸದೆ ನೇರವಾಗಿರಿಸಲು ಕಲಿಸಬೇಕು. ಯೋಗ, ನಾಟ್ಯ ಕಲಿಯುವ ಮಗು ಕೀಲಿನ ಕೊನೆಯ ಎಲ್ಲೆಗೆ ಹೋಗದೆ ಒಂದಿಷ್ಟು ಹಿಂದೆಯೇ ನಿಲ್ಲಬೇಕು. ಗುರುಗಳಿಗೆ ಈ ವಿಷಯ ಮೊದಲೇ ತಿಳಿದಿರಬೇಕು. ಗೆಳೆಯರ ಮುಂದೆ ಬೆರಳು ಮುರಿದು ತೋರಿಸುವುದು, ಭುಜ ಜಾರಿಸಿ ತೋರಿಸುವುದು ಇವು ನಿಲ್ಲಬೇಕು. ಹಿಮ್ಮಡಿಯನ್ನು ಭದ್ರವಾಗಿ ಹಿಡಿಯುವ ಪಾದರಕ್ಷೆಯಿರಲಿ, ಪುಸ್ತಕದ ಚೀಲ ಎರಡು ಹೆಗಲಿಗೂ ಇರಲಿ. ಪುಟ್ಟ ಮಕ್ಕಳನ್ನು ಒಂದೇ ಕೈ ಹಿಡಿದು ಎತ್ತಬೇಡಿ. ಮೊಣಕೈಯ ಕೀಲು ಜಾರುವುದು ಹೀಗೆಯೇ. ನೋವಿದ್ದ ರಾತ್ರಿ ಬಿಸಿ ಶಾಖ, ಹಗುರಾದ ನೀವುವಿಕೆ ಹಿತಕರ. ಕೀಲು ಕೂರಿಸುತ್ತೇವೆಂದು ಎಳೆದು ಮುರಿಯುವವರ ಬಳಿಗೆ ಮಾತ್ರ ಒಯ್ಯಬೇಡಿ. ಪಟ್ಟಿ ಕಟ್ಟಿ ತಿಂಗಳುಗಟ್ಟಲೆ ಮಲಗಿಸಲೂಬೇಡಿ. ಫಲ ಕಾಣಲು ವಾರಗಳಲ್ಲ, ತಿಂಗಳುಗಳು ಬೇಕು. ಶ್ರದ್ಧೆಯೇ ಇಲ್ಲಿ ಮದ್ದು.

ಎಲ್ಲ ಕಾಲುನೋವನ್ನೂ ಸಡಿಲತೆಯ ತಲೆಗೆ ಕಟ್ಟುವುದು ಸಹ ಅಪಾಯವೇ. ಕೀಲು ಊದಿದ್ದರೆ, ಬೆಳಗ್ಗೆ ಎದ್ದಾಗ ಬಹಳ ಹೊತ್ತು ಬಿಗಿದುಕೊಂಡಿದ್ದರೆ ಅದು ಸಂಧಿವಾತವಿರಬಹುದು. ಜ್ವರ, ತೂಕ ಇಳಿಯುವಿಕೆ, ಒಂದೇ ಜಾಗದಲ್ಲಿ ಬಿಡದೆ ಕಾಡುವ ರಾತ್ರಿನೋವು, ಕುಂಟು, ಕಲಿತ ನಡಿಗೆ ಮರೆಯುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಮಗು ವಯಸ್ಸಿಗೆ ಮೀರಿ ಎತ್ತರ, ಬೆರಳುಗಳು ನೀಳ, ಎದೆಗೂಡು ಒಳಸರಿದೋ ಮುಂದಕ್ಕೆ ಚಾಚಿಯೋ ಇದ್ದು ಕಣ್ಣಿಗೆ ದಪ್ಪ ಕನ್ನಡಕವಿದ್ದರೆ ಮಾರ್ಫಾನ್ ಎಂಬ ವಂಶವಾಹಿ ಕಾಯಿಲೆಯ ಶಂಕೆಯಿಂದ ಹೃದಯವನ್ನು ಪರೀಕ್ಷಿಸಬೇಕು. ಚರ್ಮ ಹಿಗ್ಗುವುದು, ಗಾಯದ ಕಲೆ ತೆಳುವಾಗಿ ಅಗಲವಾಗುವುದು, ಸುಮ್ಮಸುಮ್ಮನೆ ಮೈ ಕಂದುಗಟ್ಟುವುದು, ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿಯೇ ಹಠಾತ್ ಮರಣ ಇವನ್ನೂ ವೈದ್ಯರಿಗೆ ಹೇಳಬೇಕು. ನಮ್ಮದೇ ಜಿಲ್ಲೆಯ ಪಾವಗಡದ ಕಡೆ ಕುಡಿಯುವ ನೀರಿನ ಫ್ಲೋರೈಡಿನಿಂದಲೂ ಮಕ್ಕಳ ಮೂಳೆ, ಕೀಲುಗಳು ಕೆಡುವುದುಂಟು. ಅಲ್ಲಿ ತೊಂದರೆ ಸಡಿಲತೆಯಲ್ಲ, ಬಿಗಿತ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರು ಬಂದ ದಿನ, "ನಮ್ಮ ಮಗುವಿನ ಕೀಲುಗಳನ್ನೂ ಒಮ್ಮೆ ನೋಡಿ" ಎಂದು ಕೇಳಲು ಸಂಕೋಚ ಬೇಡ. ಅಲ್ಲಿಂದ ಜಿಲ್ಲಾಸ್ಪತ್ರೆಯ ಮಕ್ಕಳ ವೈದ್ಯರಿಗೆ ದಾರಿಯಿದೆ.

ಬಂಧುಗಳೆ, ನೋವು ಕಣ್ಣಿಗೆ ಕಾಣುವ ವಸ್ತುವಲ್ಲ. ಬಾವಿಲ್ಲ, ಗಾಯವಿಲ್ಲ, ಚಿತ್ರದಲ್ಲಿ ಮೂಳೆ ಸರಿಯಾಗಿದೆ. ಆದುದರಿಂದ ಮಗು ಸುಳ್ಳಾಡುತ್ತಿದೆ ಎಂಬ ತೀರ್ಮಾನ ನಮ್ಮಲ್ಲಿ ಬಹಳ ಬೇಗ ಹುಟ್ಟುತ್ತದೆ. ತನ್ನ ಮಾತನ್ನು ಯಾರೂ ನಂಬುವುದಿಲ್ಲವೆಂದು ಒಮ್ಮೆ ತಿಳಿದ ಮಗು ಮತ್ತೆ ಹೇಳುವುದನ್ನೇ ಬಿಟ್ಟುಬಿಡುತ್ತದೆ. ನಾಳೆ ನಿಮ್ಮ ಮನೆಯ ಅಥವಾ ತರಗತಿಯ ಮಗುವೊಂದು ಕಾಲು ನೋವು, ಕೈ ಸೋತಿತು ಎಂದರೆ, ಗದರುವ ಮುನ್ನ ಹತ್ತಿರ ಕೂರಿಸಿಕೊಂಡು ಎಲ್ಲಿ, ಯಾವಾಗ, ಏನು ಮಾಡಿದ ಮೇಲೆ ಎಂದು ಮೂರು ಪ್ರಶ್ನೆ ಕೇಳಿ. ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ. ಚಿಕಿತ್ಸೆ ಅಲ್ಲಿಂದಲೇ ಮೊದಲಾಗುತ್ತದೆ.